ತವರಿಂದ ಬಂದ ಕ್ರೇನ್

ಫೆಬ್ರವರಿ 11, ಭಾನುವಾರ

ಶಹಾಬಾದ್‌ಗಿಂತ ಸುಂದರವಾದ ಊರು ಜಗತ್ತಿನಲ್ಲಿ ಇರಲಾರದು! ಮದುವೆಗೆ ಮುಂಚೆ ಯಾರಾದರೂ ಹೀಗಂದಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಇಲ್ಲಿನ ಕಲ್ಲಿನ ಧೂಳು, ಫರ್ಸಿ ಕಲ್ಲಿನ ಚಪ್ಪಡಿ ಹೇರಿಕೊಂಡು ಹೋಗುವ ಲಾರಿಗಳ ಗದ್ದಲ, ಮನೆಗೆ ಅಂಟಿಕೊಂಡೇ ಇರುವ ನಮ್ಮ ಗ್ಯಾರೇಜಿನ ತಗಡಿನ ಸೂರು, ಎಲ್ಲವೂ ಇಷ್ಟ. ಈ ಡೈರಿಯನ್ನು ಇಂಗ್ಲಿಷಿನಲ್ಲಿ ಶುರುಮಾಡಿ ಎರಡು ಪುಟ ಹರಿದುಹಾಕಿದೆ. ಅತ್ತೆಯ ಮಾತು ಇಂಗ್ಲಿಷಿಗೆ ಹೋದರೆ ಉಪ್ಪಿಲ್ಲದ ಸಾರು. ದೇವ್ ಬಗ್ಗೆ ಬರೆದದ್ದಂತೂ ಗ್ರೀಟಿಂಗ್ ಕಾರ್ಡಿನ ಹಾಗೆ ಕಾಣುತ್ತಿತ್ತು.

ದೇವ್! ಪೂರ್ತಿ ಹೆಸರು ದೇವಾನಂದ. ಊರಿಗೆಲ್ಲ ದೇವಾ. ದೇವ್ ಅನ್ನುವುದು ನಾನೊಬ್ಬಳೇ.

ಇಂದು ತವರಿನಿಂದ ಸಾಮಾನು ಬಂತು. ಟೆಂಪೊದಲ್ಲಿ ಕೊಡ, ಪರಾತ, ಗಾದಿಗಳ ನಡುವೆ ಕೆಂಪು ಬಣ್ಣದ ಕ್ರೇನ್. ಅದರ ಕೊಕ್ಕೆಗೆ ಚೆಂಡುಹೂವಿನ ಹಾರ! ಇಂಜಿನ್ ಎತ್ತುವ ಕ್ರೇನ್. ದೇವ್ ಬಂಗಾರ ಬೇಡ, ಮೋಟರ್‌ಸೈಕಲ್ ಬೇಡ, ಏನೂ ಬೇಡ ಅಂದಿದ್ದರು. ಆದರೆ ನನ್ನ ಅಪ್ಪ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಫಿಟ್ಟರ್ ಆಗಿದ್ದವರು. ಅಳಿಯನ ಗ್ಯಾರೇಜಿನಲ್ಲಿ ಇಂಜಿನ್ ಇಳಿಸಲು ಇನ್ನೂ ತೊಲೆಗೆ ಸರಪಳಿ ಕಟ್ಟುತ್ತಾರೆಂದು ಕಂಡ ಮೇಲೆ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಬಾಗಿಲು ಮುಚ್ಚಿದ ಯಾವುದೋ ಗ್ಯಾರೇಜಿನಿಂದ ಇದನ್ನು ತಂದು, ತುಕ್ಕು ಉಜ್ಜಿ, ಬಣ್ಣ ಹಚ್ಚಿದ್ದಾರೆ.

ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಅತ್ತೆ ಸುಂದರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಎಲ್ಲಾರ ಸೊಸ್ತೇರು ಕಪಾಟ ತರ್ತಾರ, ಫ್ರಿಜ್ ತರ್ತಾರ. ನಮ್ಮಾಕಿ ನೋಡ್ರಿ ಯವ್ವಾ, ಕ್ರೇನ ತಂದಾಳ!”

ಗ್ಯಾರೇಜಿನ ಮಿಸ್ತ್ರಿ ಮುಕ್ರಮ ಭಾಯಿ ನನ್ನ ಮಾವನ ಕಾಲದಿಂದ ಇಲ್ಲಿದ್ದಾರೆ. ದೇವ್‌ಗೆ ಕೆಲಸ ಕಲಿಸಿದವರೂ ಅವರೇ. ಅವರು ಕ್ರೇನಿನ ಸುತ್ತ ಒಂದು ಸುತ್ತು ಬಂದು, “ಅಮ್ಮಾ, ಕಪಾಟ ಸುಮ್ಮನ ಗ್ವಾಡಿಗಿ ನಿಂದರ್ತದ. ಇದು ಟ್ರ್ಯಾಕ್ಟರಿನ ಇಂಜಿನ್ ಎತ್ತತದ. ನಾಳಿ ನಿಮ್ಮ ಸೊಂಟ ಹಿಡೀತಂದ್ರ ನಿಮ್ಮನ್ನೂ ಎತ್ತತದ,” ಅಂದರು.

“ಏ ಮುಕ್ರಮ, ನಿನ್ನ ಬಾಯಾಗ ಮಣ್ಣ ಹಾಕ!” ಅಂದ ಅತ್ತೆಯೂ ನಕ್ಕರು. ನಾನು ನಾಚಿಕೆಯಿಂದ ಒಳಗೆ ಓಡಿದೆ. ಎಂಥ ಒಳ್ಳೆಯ ಮನೆಗೆ ಬಂದಿದ್ದೇನೆ!

ಫೆಬ್ರವರಿ 20, ಮಂಗಳವಾರ

ದೇವ್ ನನ್ನನ್ನು ಎಷ್ಟು ಪ್ರೀತಿಸುತ್ತಾರೆಂದು ಇಂದು ಗೊತ್ತಾಯಿತು.

ನಾಲ್ಕೈದು ದಿನದಿಂದ ಅವರು ಹಾಸಿಗೆಯಿಂದ ಮೆಲ್ಲನೆ ಎದ್ದುಹೋಗುತ್ತಿದ್ದರು. ಇಂದು ಚಹಾ ಹಿಡಿದು ಹಿಂದೆಯೇ ಹೋದೆ. ಮುಕ್ರಮ ಭಾಯಿ ಬರುವ ಮೊದಲು ಗ್ಯಾರೇಜು ತೆರೆದು, ಒಬ್ಬರೇ ಕೂತು ಕ್ರೇನಿನ ಜಾಕ್ ಒರೆಸುತ್ತಿದ್ದರು. ಜಾಕ್ ಅಂದರೆ ಕ್ರೇನಿನ ಜೀವ. ಹ್ಯಾಂಡಲ್ ಒತ್ತಿದರೆ ಒಳಗಿನ ಎಣ್ಣೆ ಒಂದು ರಾಡನ್ನು ಮೇಲೆ ದೂಡುತ್ತದೆ, ರಾಡು ಕ್ರೇನಿನ ತೋಳನ್ನು ಎತ್ತುತ್ತದೆ. ಪಕ್ಕದ ವಾಲ್ವನ್ನು, ಗ್ಯಾರೇಜಿನವರ ಬಾಯಲ್ಲಿ ವಾಲ್, ತಿರುವಿದರೆ ತೋಳು ಇಳಿಯುತ್ತದೆ. ರಾಡು ಹೊರಬರುವ ಬಾಯಿಯಲ್ಲಿ ಎಣ್ಣೆ ಜಿನುಗಿ, ಕೆಳಗಿನ ಫರ್ಸಿಯ ಮೇಲೆ ರೊಟ್ಟಿಯಗಲ ಕಲೆಯಾಗಿತ್ತು.

“ಒಳಗಿನ ರಬ್ಬರ್ ಸೀಲ್ ಸವದದ. ಹೊಸದು ಹಾಕಿದ್ರ ಮುಗೀತು,” ಅಂದರು.

“ಹಾಕ್ರಲ್ಲ ಮತ್ತ?”

“ಬಿಚ್ಚಿದ್ರ ಎಲ್ಲಾರಿಗಿ ಗೊತ್ತಾಗ್ತದ. ನಿಮ್ಮಪ್ಪ ಗುಜರಿ ಸಾಮಾನಕ್ಕ ಬಣ್ಣ ಹಚ್ಚಿ ಕೊಟ್ಟಾರ ಅಂತಾರ. ನಮ್ಮವ್ವನ ಬಾಯಿ ನಿನಗಿನ್ನಾ ಗೊತ್ತಿಲ್ಲ. ಒಂದೆರಡ ತಿಂಗಳ ಹೋಗ್ಲಿ, ಆಮ್ಯಾಲ ಸುಮ್ಮನ ಬಿಚ್ಚಿ ಹಾಕ್ತೀನಿ.”

ನನ್ನ ಅಪ್ಪನ ಮರ್ಯಾದೆಗಾಗಿ ಒಬ್ಬ ಮನುಷ್ಯ ಬೆಳಕು ಹರಿಯುವಾಗ ಎದ್ದು ನೆಲ ಒರೆಸುತ್ತಾನೆ! ಕಾಲೇಜಿನ ಗೆಳತಿಯರಿಗೆ ಗಂಡಂದಿರು ರೀಲ್ಸ್ ಮಾಡಿ ಹಾಕುತ್ತಾರೆ. ಅವರಲ್ಲಿ ಯಾರಿಗಿದೆ ಇಂಥ ಭಾಗ್ಯ? ನಾನೂ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತೆ.

ಮಾರ್ಚ್ 1, ಶುಕ್ರವಾರ

ಬೆಳಗಿನ ಗ್ಯಾರೇಜು ನಮ್ಮಿಬ್ಬರದೇ ಲೋಕ. ಅವರು ನೆಲ ಒರೆಸುತ್ತಾರೆ, ನಾನು ಜಾಕ್ ಒರೆಸುತ್ತೇನೆ, ಆಮೇಲೆ ಒಂದೇ ಕಪ್ಪಿನಲ್ಲಿ ಚಹಾ. ನನ್ನ ಉಗುರುಗಳೆಲ್ಲ ಕಪ್ಪು. ಮೆಹಂದಿಯ ಬಣ್ಣ ಎಲ್ಲಿದೆ, ಗ್ರೀಸ್ ಎಲ್ಲಿದೆ ಗೊತ್ತಾಗುವುದಿಲ್ಲ.

ಸೋರಿ ಸೋರಿ ಜಾಕಿನ ಎಣ್ಣೆ ಕಡಿಮೆಯಾಗಿದೆ. ಅದಕ್ಕೆ ಹಾಕುವ ಹೈಡ್ರಾಲಿಕ್ ಆಯಿಲ್ ಡಬ್ಬಿ ಖಾಲಿ. ತರಿಸಿದರೆ ಮುಕ್ರಮ ಭಾಯಿ ಯಾಕೆಂದು ಕೇಳುತ್ತಾರೆ. ದೇವ್ ಕಪಾಟಿನಿಂದ ಬ್ರೇಕ್ ಆಯಿಲ್ ಬಾಟಲಿ ತೆಗೆದರು.

“ಇದು ನಡೀತದಾ?” ಅಂದೆ.

“ಇದೂ ಎಣ್ಣೀನೇ ಅಲ್ಲೇನು? ನೀ ಬಾಟ್ಲಿ ಹಿಡಿ, ನಾ ಲಾಳಿಕಿ ಹಿಡೀತೀನಿ.”

ಬಾಟಲಿ ಹಿಡಿಯುವಾಗ ನನಗೆ ನಗು ತಡೆಯಲಿಲ್ಲ. ಕೈ ಅಲುಗಿ ಅವರ ಅಂಗಿಯ ಮೇಲೂ ಚೆಲ್ಲಿತು. ಕಳ್ಳರ ಜೋಡಿ!

ಮಾರ್ಚ್ 9, ಶನಿವಾರ

ಸೋರುವುದು ನಿಂತುಬಿಟ್ಟಿದೆ! ಮೂರು ದಿನದಿಂದ ಒಂದು ಹನಿಯೂ ಇಲ್ಲ. ನೆಲ ಒರೆಸಿದ ಹಾಗೆಯೇ ಇದೆ. ದೇವ್ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದರು. “ನೋಡ್ದಿ? ಸೀಲ್ ತಾನೇ ಬಿಗೀ ಆಗ್ಯದ.”

ಖುಷಿಗೆ ಬೈಕಿನಲ್ಲಿ ಸನ್ನತಿಗೆ ಹೋಗಿಬಂದೆವು. ಭೀಮಾ ನದಿಯ ದಂಡೆಯಲ್ಲಿ ಹಳೆಯ ಸ್ತೂಪದ ಕಲ್ಲುಗಳ ನಡುವೆ ಕೂತು ಕಲ್ಲಂಗಡಿ ತಿಂದೆವು. ಬಿಸಿಲಿಗೆ ಅವರ ಮೂಗಿನ ತುದಿ ಕೆಂಪಾಗಿತ್ತು. ಇಡೀ ಜನ್ಮ ಹೀಗೇ ಇರಲಿ, ಇನ್ನೇನೂ ಕೇಳುವುದಿಲ್ಲ.

ಮಾರ್ಚ್ 15, ಶುಕ್ರವಾರ

ರಮಜಾನ್ ಶುರುವಾಗಿದೆ. ಮುಕ್ರಮ ಭಾಯಿಗೆ ಉಪವಾಸ. ಆದರೂ ಅವರ ಬಾಯಿಗೆ ಉಪವಾಸವಿಲ್ಲ. ಮಧ್ಯಾಹ್ನ ಗ್ಯಾರೇಜಿನಲ್ಲಿ ದೇವ್‌ಗೂ ಅವರಿಗೂ ಸಣ್ಣ ಮಾತಾಯಿತು.

“ದೇವಾ, ನಿನ್ನ ಮದುವಿ ಕ್ರೇನ ಕುಂದರ್ಲಿಕತ್ತದ. ಇಂಜಿನ್ ಎತ್ತಿ ನಮಾಜಿಗಿ ಹೋಗಿ ಬರೋದ್ರಾಗ ಒಂದ ಗೇಣ ಇಳದಿತ್ತು. ವಾಲ್ ನಾ ಮುಟ್ಟೇ ಇಲ್ಲ. ಬಿಚ್ಚಿ ನೋಡೋಣ.”

“ವಾಲ್ ಸಡಲ ಬಿಟ್ಟಿರಬೇಕ್ರಿ ಭಾಯಿ.”

“ನಾ ಸಡಲ ಬಿಟ್ಟೆ?” ಮುಕ್ರಮ ಭಾಯಿ ನನ್ನ ಕಡೆ ತಿರುಗಿದರು. “ನೋಡು ಬೇಟಾ, ನಿನ್ನ ತವರ ಸಾಮಾನಕ್ಕ ಒಂದ ಮಾತ ಅನ್ಲಿಕ್ಕಿ ಬಿಡಂಗಿಲ್ಲ ನಿನ್ನ ಗಂಡ.”

“ಹೊರಗ ಒಂದ ಹನಿ ಎಣ್ಣಿ ಇಲ್ಲ, ಸುಮ್ಮನ ಯಾಕ ಬಿಚ್ಚತೀರಿ? ಆ ಕಲ್ಲ ಹೇರೋ ಟ್ರ್ಯಾಕ್ಟರಿನ ಕೆಲಸ ಮುಗೀಲಿ, ಹಬ್ಬ ಆದ ಮ್ಯಾಲ ನೋಡೋಣ,” ಅಂದರು ದೇವ್.

ಮುಕ್ರಮ ಭಾಯಿ ಹೆಗಲು ಕುಣಿಸಿ ಕೆಲಸಕ್ಕೆ ಮರಳಿದರು. ನನಗೆ ದೇವ್ ಮೇಲೆ ಹೆಮ್ಮೆಯಾಯಿತು. ಆದರೂ ಜಾಕಿನ ಬಾಯಿಗೆ ಬೆರಳಾಡಿಸಿ ನೋಡಿದೆ. ಒಣಗಿತ್ತು.

ಮಾರ್ಚ್ 18, ಸೋಮವಾರ

ಮುಕ್ರಮ ಭಾಯಿಯ ಕಾಲ ಮೇಲೆ ಇಂಜಿನ್ ಬಿದ್ದಿದೆ. ಕಲಬುರಗಿಗೆ ಕರೆದುಕೊಂಡು ಹೋಗಿದ್ದಾರೆ. ದೇವ್ ಇನ್ನೂ ಬಂದಿಲ್ಲ.

ಮಾರ್ಚ್ 19, ಮಂಗಳವಾರ

ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೊದಲು ಸದ್ದು ಕೇಳಿಸಿತು, ಕಲ್ಲು ಒಡೆದಂತೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೂಗು.

ದೇವ್ ಒಳಗಿರಲಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರಿನ ಮಾಲೀಕ ಶಂಕರಲಿಂಗರ ಜೊತೆ ಮಾತಾಡುತ್ತಿದ್ದರು. ಮುಕ್ರಮ ಭಾಯಿ ಒಬ್ಬರೇ, ಕ್ರೇನಿನಿಂದ ತೂಗುತ್ತಿದ್ದ ಇಂಜಿನ್ನಿಗೆ ಒಂದು ಕೈ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಲು ಸರಿಮಾಡುತ್ತಿದ್ದರಂತೆ. ನಾನು ಹೋದಾಗ ಕ್ರೇನಿನ ತೋಳು ನೆಲ ಮುಟ್ಟಿತ್ತು. ಜಾಕಿನ ಬಾಯಿಂದ ಎಣ್ಣೆ ಚಿಮ್ಮಿ ಗೋಡೆಗೂ ಬಡಿದಿತ್ತು. ಇಂಜಿನ್ನನ್ನು ನಾಲ್ಕು ಜನ ಹಾರೆ ಹಾಕಿ ಎತ್ತಿದರು. ಕಾಲನ್ನು ನಾನು ನೋಡಲಿಲ್ಲ. ಚಪ್ಪಲಿ ನೋಡಿದೆ.

ಎಲ್ಲರೂ ಅವರನ್ನು ಜೀಪಿಗೆ ಹಾಕುವ ಗಡಿಬಿಡಿಯಲ್ಲಿದ್ದರು. ಅಂಥ ಹೊತ್ತಿನಲ್ಲೂ ದೇವ್ ಬಟ್ಟೆ ತಂದು ಗೋಡೆಯನ್ನೂ ನೆಲವನ್ನೂ ಒರೆಸಿ, ಮೇಲೆ ಕಟ್ಟಿಗೆ ಪುಡಿ ಉದುರಿಸಿದರು. ಯಾರಾದರೂ ಜಾರಿ ಬಿದ್ದಾರೆಂಬ ಎಚ್ಚರ ಅವರಿಗೆ.

ಮಾರ್ಚ್ 24, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಪಾದದ ಮುಂದಿನ ಅರ್ಧ ತೆಗೆದಿದ್ದಾರೆ.

ವರಾಂಡದಲ್ಲಿ ಮುಕ್ರಮ ಭಾಯಿಯ ಹೆಂಡತಿ ಆಶಾಬಿ ಭಾಬಿ ನನ್ನ ಕೈ ಹಿಡಿದು ಕೂತರು. “ಉಪವಾಸ ಇದ್ದು ಭಾರಾ ಎತ್ತಬ್ಯಾಡ್ರಿ ಅಂತ ಎಷ್ಟ ಹೇಳಿದೆ ಬೇಟಿ. ಕೇಳಲಿಲ್ಲ.”

ಊರಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ. ರೋಜಾದ ಉಪವಾಸ ಇದ್ದರು, ತಲೆ ತಿರುಗಿತು, ವಾಲನ್ನು ಗಪ್ಪನೆ ತಿರುವಿಬಿಟ್ಟರು. ಮೊದಲು ಯಾರು ಹೇಳಿದರೆಂದು ನೆನಪು ಮಾಡಿಕೊಂಡೆ. ಜೀಪು ಹೊರಡುವ ಮುಂಚೆ ಶಂಕರಲಿಂಗರು “ಹ್ಯಾಂಗಾತು?” ಅಂದಾಗ ದೇವ್ ಅಂದಿದ್ದರು: “ಹೊಟ್ಯಾಗ ಹನಿ ನೀರಿಲ್ಲ. ಚಕ್ಕರ ಬಂದಿರಬೇಕು.” ಅವರು ಗಾಬರಿಯಲ್ಲಿದ್ದರು. ಗಾಬರಿಯಲ್ಲಿ ಮನುಷ್ಯ ಏನೋ ಒಂದು ಹೇಳುತ್ತಾನೆ.

ಒಳಗೆ ಮುಕ್ರಮ ಭಾಯಿ ಎಚ್ಚರವಾಗಿದ್ದರು. ತಮಾಷೆ ಮಾಡಲಿಲ್ಲ. ಹೊದಿಕೆಯ ಮೇಲೆ ಬಲಗೈಯನ್ನು ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. “ವಾಲ್ ಮುಟ್ಟಿದ್ದ ನೆನಪ ಇಲ್ಲ ಬೇಟಾ. ಆದ್ರ ಎಲ್ಲಾರೂ ಅಂತಾರ. ಮುಟ್ಟಿರಬೇಕು. ಇಷ್ಟ ವರ್ಷ ಎಂದೂ ತಪ್ಪದ ಕೈ, ನೋಡು.”

ಏಪ್ರಿಲ್ 2, ಮಂಗಳವಾರ

ಇಂದು ಕ್ರೇನ್ ಬಿಚ್ಚಿದೆವು. ಶಂಕರಲಿಂಗರು ಟ್ರ್ಯಾಕ್ಟರ್ ಕೇಳುತ್ತಿದ್ದಾರೆ, ಮುಕ್ರಮ ಭಾಯಿ ಇಲ್ಲ, ಬೇರೆಯವರನ್ನು ಕರೆಯಲು ದೇವಾನಂದ ಒಪ್ಪಲಿಲ್ಲ. ಕಲಬುರಗಿಯಿಂದ ಸೀಲಿನ ಸೆಟ್ ಅವರೇ ತಂದರು. ಹಿಡಿಯಲು ನಾನು ಬೇಕಾಯಿತು.

ಪಿನ್ ತೆಗೆದು ಜಾಕನ್ನು ಕ್ರೇನಿನಿಂದ ಬೇರೆ ಮಾಡಿದೆವು. ಉಳಿದ ಎಣ್ಣೆಯನ್ನು ಬೋಗುಣಿಗೆ ಬಗ್ಗಿಸಿದೆವು, ಕದಡಿದ ಬಣ್ಣ. ಮೇಲಿನ ದೊಡ್ಡ ನಟ್ಟಿಗೆ ದೊಡ್ಡ ಸ್ಪ್ಯಾನರಿನಂಥ ಪೈಪ್ ಪಾನಾ ಹಾಕಿ, ಅದರ ಹಿಡಿಕೆಗೆ ಇನ್ನೊಂದು ಪೈಪ್ ಸಿಕ್ಕಿಸಿ, ಇಬ್ಬರೂ ಜೋತುಬಿದ್ದ ಮೇಲೆ ತಿರುಗಿತು. ರಾಡ್ ಎಳೆದು ತೆಗೆದಾಗ ಅದರಲ್ಲಿ ಒಂದು ಗೀರೂ ಇರಲಿಲ್ಲ. ಕನ್ನಡಿಯ ಹಾಗಿತ್ತು. ಅಪ್ಪ ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದ್ದಾರೆ ಅಂದುಕೊಂಡೆ.

ಸೀಲ್ ಮಾತ್ರ ಬೇರೆಯೇ ಆಗಿತ್ತು. ಹೊಸದು ಬಿರುಸಾಗಿ, ಅಂಚು ಚೂಪಾಗಿ, ತನ್ನ ಕಚ್ಚಿನಲ್ಲಿ ಕೂರುವಷ್ಟೇ ಇತ್ತು. ಹಳೆಯದು ನೀರಲ್ಲಿ ನೆನೆದ ರೊಟ್ಟಿಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಒಂದು ಬದಿ ಹರಿದು ಎದ್ದಿತ್ತು. ಬೆರಳಿಗೆ ಕಪ್ಪು ಅಂಟಿತು.

“ಭಾಳ ಹಳೇದು,” ಅಂದರು ದೇವಾನಂದ. ಅದನ್ನು ಎಣ್ಣೆಬಟ್ಟೆಗಳ ರಾಶಿಗೆ ಎಸೆದರು. “ನಿಮ್ಮಪ್ಪ ಮ್ಯಾಲ ಮ್ಯಾಲ ಬಣ್ಣ ಹಚ್ಚ್ಯಾರ. ಒಳಗ ನೋಡೇ ಇಲ್ಲ.”

ನಾನು ಸೀಮೆಎಣ್ಣೆಯಲ್ಲಿ ಜಾಕಿನ ಮೈ ತೊಳೆಯುತ್ತಿದ್ದೆ. ಕೊಳೆ ಹೋದ ಕಡೆ ಕಂಪನಿಯ ಚೀಟಿ ಕಾಣಿಸಿತು. ಅಪ್ಪ ಅದರ ಮೇಲೆ ಬಣ್ಣ ಬಳಿಯದೆ ಬಿಟ್ಟಿದ್ದರು. ಸೋರುವುದು ನಿಲ್ಲುವವರೆಗೆ ದಿನಾ ಬೆಳಗ್ಗೆ ನಾನೇ ಇದರ ಮೇಲೆ ಬಟ್ಟೆ ಆಡಿಸಿದ್ದೇನೆ. ಇಂದು ಓದಿದೆ. ಇಂಗ್ಲಿಷಿನಲ್ಲಿ, ಮಕ್ಕಳಿಗೂ ತಿಳಿಯುವಂತೆ ಬರೆದಿತ್ತು. ಹೈಡ್ರಾಲಿಕ್ ಆಯಿಲ್ ಮಾತ್ರ ಬಳಸಿ. ಬ್ರೇಕ್ ಆಯಿಲ್ ಹಾಕಬೇಡಿ, ಸೀಲುಗಳು ಕೆಡುತ್ತವೆ. ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ.

ಅವರು ತಲೆಯೆತ್ತಲಿಲ್ಲ. “ಗೊತ್ತದ.”

“ಯಾವಾಗಿಂದ ಗೊತ್ತದ?”

“ಗ್ಯಾರೇಜಿನಾಗ ಇದ್ದವರಿಗಿ ಎಲ್ಲಾರಿಗಿ ಗೊತ್ತದ. ಒಂದೆರಡ ದಿನದ ಮಟ್ಟಿಗಿ ಅಂತ ಹಾಕ್ದೆ. ಆಮ್ಯಾಲ ಸೋರೋದು ನಿಂತಿತಲ್ಲ.”

“ಅದು ಉಬ್ಬಿತ್ತು. ಅದಕ್ಕೇ ನಿಂತಿತ್ತು.”

“ಹೌದು.”

“ಮುಕ್ರಮ ಭಾಯಿ ಬಿಚ್ಚೋಣ ಅಂದ್ರು.”

“ಯಾರಿಗಿ ಹೇಳಬ್ಯಾಡ,” ಅಂದರು. ಈಗ ನನ್ನ ಮುಖ ನೋಡಿದರು. “ಗ್ಯಾರೇಜಿಗಿ ಯಾರೂ ಬರಂಗಿಲ್ಲ ಇನ್ನ. ನಾ ಯಾರ ಸಲುವಾಗಿ ಮಾಡ್ದೆ? ನಿನ್ನ ಸಲುವಾಗಿ ಮಾಡ್ದೆ.”

ಹೊಸ ಸೀಲಿಗೆ ಎಣ್ಣೆ ಸವರಿ ಕೊಟ್ಟೆ. ಅದರ ತುಟಿಯಂಥ ಅಂಚು ಎಣ್ಣೆಯ ಒತ್ತಡದ ಕಡೆಗೇ ಇರಬೇಕಂತೆ. ಅವರು ಹಾಗೆ ಕೂರಿಸಿದರು. ಒಳಗೆಲ್ಲ ತೊಳೆದು, ರಾಡ್ ಇಳಿಸಿ, ನಟ್ ಬಿಗಿದು, ಸರಿಯಾದ ಎಣ್ಣೆ ತುಂಬಿದೆವು. ವಾಲ್ ತೆರೆದಿಟ್ಟು ಹ್ಯಾಂಡಲ್ ಒತ್ತುತ್ತಾ ಹೋದರೆ ಒಳಗಿನ ಗಾಳಿ ಹೊರಬರುತ್ತದೆ. ಅದನ್ನು ನಾನು ಮಾಡಿದೆ. ಆಮೇಲೆ ಅದೇ ಇಂಜಿನ್ನನ್ನು ಎತ್ತಿ ತೂಗುಬಿಟ್ಟು, ತೋಳಿನ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆದೆವು. ಸಂಜೆಯವರೆಗೂ ಗೆರೆಯಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಬಿಚ್ಚಿ ಜೋಡಿಸುವ ಇಡೀ ಕೆಲಸ ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿದಿತ್ತು.

ಅವರು ಕೈ ತೊಳೆಯಲು ಹೋದಾಗ ರಾಶಿಯಿಂದ ಹಳೆಯ ಸೀಲನ್ನು ಎತ್ತಿಕೊಂಡೆ. ಯಾಕೆಂದು ಗೊತ್ತಿಲ್ಲ. ಸೀರೆಗಳ ಕೆಳಗಿದೆ.

ಏಪ್ರಿಲ್ 7, ಭಾನುವಾರ

ಬೆಳಗ್ಗೆ ಮನೆಯಲ್ಲಿ ಬುದ್ಧ ವಂದನೆ. ಅತ್ತೆ, ಇವರು, ನಾನು ಸಾಲಾಗಿ ಕೂತು ಪಂಚಶೀಲ ಹೇಳುತ್ತೇವೆ. ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬ ಶೀಲ. ಆ ಸಾಲಿಗೆ ಬಂದಾಗ ಅತ್ತೆಯ ಧ್ವನಿ ಮಾತ್ರ ಕೇಳಿಸಿತು.

ಅಪ್ಪ ಫೋನ್ ಮಾಡಿದ್ದರು. ಕ್ರೇನನ್ನು ವಾಪಸ್ ಒಯ್ಯುತ್ತೇನೆ ಅಂತಾರೆ. “ನಾ ಕೊಟ್ಟ ಸಾಮಾನಲಿಂದ ಒಬ್ಬ ಮನಷ್ಯಾನ ಕಾಲ ಹೋತಲ್ಲ ಮಗಾ,” ಅಂತ ಅತ್ತರು. ಅಪ್ಪ ಅಳುವುದನ್ನು ನಾನು ಕೇಳಿರಲಿಲ್ಲ. ಗುಳಿಗೆಯ ಹಾಗೆ ನಾಲಿಗೆ ಮೇಲೆ ನಿಜ ಇತ್ತು. ನುಂಗಿದೆ.

ಏಪ್ರಿಲ್ 11, ಗುರುವಾರ

ಈದ್. ಮುಕ್ರಮ ಭಾಯಿಯ ಮನೆಗೆ ಹೋಗದಿದ್ದರೆ ಜನ ಏನೆಂದಾರೆಂದು ಅತ್ತೆಯೇ ಹಣ್ಣು ಕಟ್ಟಿಕೊಟ್ಟು ನಮ್ಮಿಬ್ಬರನ್ನೂ ಕಳಿಸಿದರು. ಸೀಲನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ತೆಗೆದಿಟ್ಟೆ. ಮತ್ತೆ ಹಾಕಿಕೊಂಡೆ.

ಮುಕ್ರಮ ಭಾಯಿ ಬಿಳಿ ಜುಬ್ಬಾ ಹಾಕಿ ಮಂಚದ ಮೇಲೆ ಕೂತಿದ್ದರು. ಕಾಲಿನ ಕೆಳಗೆ ದಿಂಬು. ದೇವಾನಂದ ಬಗ್ಗಿ ಅಪ್ಪಿಕೊಂಡರು. ಆಶಾಬಿ ಭಾಬಿ ನಮ್ಮಿಬ್ಬರ ಕೈಗೂ ಸುರಕುಂಬಾದ, ಹಬ್ಬದ ಶಾವಿಗೆ ಪಾಯಸದ, ಬಟ್ಟಲು ಕೊಟ್ಟರು.

“ದೇವಾ,” ಅಂದರು ಮುಕ್ರಮ ಭಾಯಿ, “ಇವತ್ತ ಹಬ್ಬ ಅದ, ಒಂದ ಮಾತ ಕೇಳ್ತೀನಿ, ಇಲ್ಲ ಅನಬ್ಯಾಡ. ನಿಮ್ಮಪ್ಪನ ಕಾಲದಲಿಂದ ಆ ಗ್ಯಾರೇಜಿನ ಅನ್ನ ತಿಂದೀನಿ. ನನ್ನ ಕೈಲಿಂದ ಅದರ ಹೆಸರ ಕೆಟ್ಟಿತು. ಮಾಫ್ ಮಾಡು.”

ದೇವಾನಂದ ಬಟ್ಟಲನ್ನೇ ನೋಡುತ್ತಿದ್ದರು. ಚಮಚ ಒಂದು ಸುತ್ತು ತಿರುಗಿಸಿದರು. ನಾನು ಕಾದೆ. ಈಗ ಹೇಳುತ್ತಾರೆ ಅಂದುಕೊಂಡೆ.

“ಬಿಡ್ರಿ ಭಾಯಿ,” ಅಂದರು. “ಆಗಿದ್ದು ಆಗಿ ಹೋತು.”

ನಾನು ಕರವಸ್ತ್ರ ಬಿಚ್ಚಿ ಮಂಚದ ಮೇಲಿಟ್ಟೆ.

ಮುಕ್ರಮ ಭಾಯಿ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರು. ಮೂಸಿದರು. “ಬ್ರೇಕ್ ಆಯಿಲ್,” ಅಂದರು. ದೇವಾನಂದರ ಕಡೆ ನೋಡಲಿಲ್ಲ, ನನ್ನನ್ನು ಕೇಳಿದರು. “ಯಾವಾಗ ಹಾಕಿದ್ರಿ?”

“ರಮಜಾನಕ್ಕಿಂತ ಮೊದಲ. ಬಾಟ್ಲಿ ನಾ ಹಿಡಿದಿದ್ದೆ ಭಾಯಿ.”

“ಅಂದ್ರ ವಾಲ್ ನಾ ತಿರುವೇ ಇಲ್ಲ.”

“ಇಲ್ಲ ಭಾಯಿ. ಸೀಲ್ ಹರದು ಎಣ್ಣಿ ಹೊರಗ ಬಂತು. ಗ್ವಾಡಿ ತನಾ ಚಿಮ್ಮಿತ್ತು. ಅದನ್ನ ಒರಿಸಿದ್ದು ನಾ ನೋಡೀನಿ.”

ಅವರು ಬಲಗೈಯನ್ನು ಮುಖದ ಮುಂದೆ ತಂದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿಸಿದರು. ಆಮೇಲೆ ಅದರಿಂದಲೇ ಕಣ್ಣು ಮುಚ್ಚಿಕೊಂಡರು.

“ಊಟಕ್ಕ ಕುಂತ್ರ ಸುದ್ದ ಆ ಕೈ ಎತ್ತತಿದ್ದಿಲ್ಲ ಇವರು,” ಅಂದರು ಆಶಾಬಿ ಭಾಬಿ. ಧ್ವನಿ ಏರಿಸಲಿಲ್ಲ. “ಎಡಗೈಲೆ ತಿಂತಿದ್ರು. ಎಡಗೈಲೆ! ನಾನೂ ಅಂದೆ, ನಿಮ್ಮದೇ ತಪ್ಪ ಅಂತ. ದಿನಾ ಅಂದೆ.”

ಅವರು ಮೊದಲು ದೇವಾನಂದರ ಕೈಯಿಂದ ಬಟ್ಟಲು ತೆಗೆದುಕೊಂಡರು, ಆಮೇಲೆ ನನ್ನ ಕೈಯಿಂದ. “ಹೋಗ್ರಿ ಇನ್ನ.”

ದಾರಿಯುದ್ದಕ್ಕೂ ಇವರು ನನಗಿಂತ ಮುಂದೆ ನಡೆದರು.

ಏಪ್ರಿಲ್ 15, ಸೋಮವಾರ

ಅತ್ತೆ ನನ್ನ ಜೊತೆ ಮಾತಾಡುವುದಿಲ್ಲ. ನಿನ್ನೆ ಒಂದೇ ಒಂದು ಮಾತು ಅಂದರು: “ಗಂಡನ ಮಾನ ಕಾಯೋದ ಕಲಿಸಿಲ್ಲೇನು ನಿಮ್ಮ ಇಂಗ್ಲಿಷ್ ಸಾಲ್ಯಾಗ?” ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಊಟ ಆಯಿತೇ ಎಂದು ಕೇಳಿದರು.

ಇವತ್ತು ಆಶಾಬಿ ಭಾಬಿ ಆಟೊದಲ್ಲಿ ಬಂದರು. ಗ್ಯಾರೇಜಿನ ಹೊಸ್ತಿಲಲ್ಲೇ ನಿಂತರು. “ಅವರ ಪಾನಾ, ಹತೋಡಿ ಎಲ್ಲಾ ಕೊಡ್ರಿ. ಕುಂತ ಮಾಡೋ ಕೆಲಸ ಹಿಡದಾರ, ಪಂಪ್ ರಿಪೇರಿ.”

ಇಷ್ಟು ವರ್ಷದಲ್ಲಿ ಎರಡು ಮನೆಯ ಸಾಮಾನು ಒಂದರೊಳಗೊಂದು ಬೆರೆತುಹೋಗಿವೆ. ಯಾವುದು ಯಾರದೆಂದು ಗೊತ್ತಿರುವುದು ದೇವಾನಂದರಿಗೆ ಮಾತ್ರ. ಅವರು ನೆಲದ ಮೇಲೆ ಕೂತು ಒಂದೊಂದೇ ಆರಿಸಿದರು, ಒರೆಸಿ ಪೆಟ್ಟಿಗೆಗೆ ಹಾಕಿದರು. ಬಹಳ ಹೊತ್ತು ಹಿಡಿಯಿತು. ಯಾರೂ ಕೂರಿ ಅನ್ನಲಿಲ್ಲ, ಭಾಬಿ ಕೂರಲೂ ಇಲ್ಲ.

ಪೆಟ್ಟಿಗೆ ಎತ್ತಲು ದೇವಾನಂದ ಬಗ್ಗಿದಾಗ ಭಾಬಿ, “ನೀ ಬ್ಯಾಡ,” ಅಂದರು. ಒಂದು ಕಡೆ ಭಾಬಿ, ಒಂದು ಕಡೆ ನಾನು ಹಿಡಿದೆವು. ನಡುವೆ ಒಮ್ಮೆ ಇಳಿಸಬೇಕಾಯಿತು. ದೇವಾನಂದ ಕೈ ಚಾಚಿಕೊಂಡೇ ಪಕ್ಕದಲ್ಲಿ ನಡೆದರು.

ಆಟೊ ಓಡಿಸುವ ಗುಲಾಮ ದಸ್ತಗೀರ ಪೆಟ್ಟಿಗೆಗೆ ಜಾಗ ಮಾಡುತ್ತಾ, “ಮುಕ್ರಮ ಭಾಯಿವೇನು? ಏನ್ ಹೇಳ್ತಿ, ರೋಜಾ ಇದ್ದು ಇಂಜಿನ್ ಹತ್ರ ಹೋಗಬಾರದಿತ್ತು ಮನಷ್ಯಾ,” ಅಂದ.

ಭಾಬಿ ಒಂದು ಕಾಲು ಆಟೊದಲ್ಲಿಟ್ಟು, ಇನ್ನೊಂದು ಕಾಲು ರಸ್ತೆಯಲ್ಲೇ ಇಟ್ಟು, ಹತ್ತದೆ ನಿಂತರು. ದೇವಾನಂದರನ್ನು ನೋಡುತ್ತಾ ನಿಂತರು. ಆಟೊ ಗಡಗಡ ಅನ್ನುತ್ತಿತ್ತು. ಎದುರಿನ ಚಹಾ ಹೋಟೆಲಿನಲ್ಲಿ ಶಂಕರಲಿಂಗರೂ ಇನ್ನಿಬ್ಬರೂ ಕೂತಿದ್ದರು.

“ರೋಜಾದಲಿಂದ ಅಲ್ಲ,” ಅಂದರು ದೇವಾನಂದ. “ಜಾಕಿಗಿ ನಾ ಬ್ರೇಕ್ ಆಯಿಲ್ ಹಾಕಿದ್ದೆ.”

ದಸ್ತಗೀರನಿಗೆ ಸದ್ದಿನಲ್ಲಿ ಕೇಳಿಸಲಿಲ್ಲ. “ಏನಂದಿ ದೇವಾ?” ಅಂದು ಕೈ ಚಾಚಿ ಆಟೊ ಬಂದ್ ಮಾಡಿದ.

ರಸ್ತೆ ಒಮ್ಮೆಲೇ ಸುಮ್ಮನಾಯಿತು. ದೇವಾನಂದ ನನ್ನ ಕಡೆ ನೋಡಿದರು. ಅವರು ಇನ್ನೊಮ್ಮೆ ಹೇಳಿದರು, ಈ ಸಲ ಗಟ್ಟಿಯಾಗಿ. ಹೋಟೆಲಿನವರು ಕಪ್ಪು ಕೆಳಗಿಟ್ಟು ತಿರುಗಿದರು.

ಭಾಬಿ ಇನ್ನೊಂದು ಕಾಲನ್ನೂ ಎತ್ತಿ ಒಳಗೆ ಕೂತರು. “ನಡಿ,” ಅಂದರು ದಸ್ತಗೀರನಿಗೆ.